ಏಳು ಬಂದಿದೆ, ಆದರೂ ಸಾಲದು

ಪ್ರಶ್ನೆ (ಸಂಕ್ಷಿಪ್ತ): ನನಗೆ 24 ವರ್ಷ. ಮೇಟ್ಟುಪಾಳಯಂ ಹತ್ತಿರದ ಸಿರುಮುಗೈ ನಮ್ಮೂರು. ನಾವು ದೇವಾಂಗದವರು, ಅಪ್ಪ ಅಮ್ಮ ಇಬ್ಬರೂ ಮಗ್ಗದ ಕೆಲಸ ಮಾಡುತ್ತಾರೆ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದೇನೆ. ಬ್ರಿಟನ್ನಿಗೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಎರಡು ಸಲ ಬರೆದೆ. ಎರಡು ಸಲವೂ ಒಟ್ಟು 7 ಬಂತು, ಆದರೆ ಬರವಣಿಗೆಯಲ್ಲಿ 6. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಬರವಣಿಗೆಯಲ್ಲಿ 6.5 ಬೇಕು. ಎರಡನೇ ಸಲ ಮಾತಿನ ಪರೀಕ್ಷೆಯಲ್ಲೂ 7ರಿಂದ 6.5ಕ್ಕೆ ಇಳಿದೆ. ‘ಏಳು ಬಂದಿದೆಯಲ್ಲ, ಮತ್ತೇನು’ ಎಂದು ನೆಂಟರು ಕೇಳುತ್ತಾರೆ, ವಿವರಿಸಿ ಸಾಕಾಗಿದೆ. ಅಮ್ಮನ ಸರ ಅಡವಿನಲ್ಲಿದೆ. ತಮ್ಮ ಕಾಲೇಜಿಗೆ ಸೇರಬೇಕು. ಮನೆಯಲ್ಲಿ ಕನ್ನಡ, ಆದರೆ ಓದಲು ಬರುವುದಿಲ್ಲ. ಶಾಲೆಯಲ್ಲಿ ತಮಿಳು, ಅದರಲ್ಲೂ ತಪ್ಪು ಬರುತ್ತಿತ್ತು. ಇಂಗ್ಲಿಷ್ ಹೀಗಿದೆ. ನನಗೆ ಯಾವ ಭಾಷೆಯೂ ಪೂರ್ತಿ ಬರುವುದಿಲ್ಲ ಅನಿಸುತ್ತದೆ. ರಾತ್ರಿ ನಿದ್ದೆ ಇಲ್ಲ, ಬಸ್ಸಿನಲ್ಲಿ ಅಳು ಬರುತ್ತದೆ. ಏನು ಮಾಡಲಿ? ಇದನ್ನು ತಮಿಳು ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದ್ದೇನೆ. ತುಮಕೂರಿನಲ್ಲಿರುವ ಚಿಕ್ಕಮ್ಮ ನಿಮ್ಮ ಉತ್ತರವನ್ನು ಫೋನಿನಲ್ಲಿ ಓದಿ ಹೇಳುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ತಮಿಳು ಬಲ್ಲ ಗೆಳತಿಯೊಬ್ಬರಿಂದ ಓದಿಸಿಕೊಂಡು ಕೇಳಿದೆ. ಅಲ್ಲಿ ಇಲ್ಲಿ ಒಂದು ಪದ ಬಿಟ್ಟರೆ ಎಲ್ಲವೂ ನೆಟ್ಟಗೆ ಅರ್ಥವಾಯಿತು. ಮೊದಲು ಇದನ್ನೇ ಹೇಳುತ್ತೇನೆ, ಏಕೆಂದರೆ ಹಣ, ಅಂಕ, ನೆಂಟರು ಎಲ್ಲವನ್ನೂ ಬರೆದ ಮೇಲೆ ನೀವು ಬರೆದ ‘ಯಾವ ಭಾಷೆಯೂ ಪೂರ್ತಿ ಬರುವುದಿಲ್ಲ’ ಎಂಬ ಮಾತು ಬಹಳ ನೋವಿನದು. ಎರಡು ಸಲ ದುಡ್ಡು ಕಟ್ಟಿ, ಡ್ಯೂಟಿ ಮುಗಿಸಿ ಬಂದು ಓದಿ, ಅರ್ಧ ಅಂಕಕ್ಕೆ ನಿಂತರೆ ಯಾರಿಗಾದರೂ ಅಳು ಬರುತ್ತದೆ. ಅದರಲ್ಲೂ ಒಟ್ಟು ಅಂಕ ಸಾಕಷ್ಟಿದ್ದು, ಒಂದೇ ವಿಭಾಗದಲ್ಲಿ ತಡೆದರೆ ಆ ಸೋಲನ್ನು ಹೊರಗಿನವರಿಗೆ ತಿಳಿಹೇಳುವುದೂ ಕಷ್ಟ. ನೀವು ಅಳುವುದು ದೌರ್ಬಲ್ಯದಿಂದಲ್ಲ, ದಣಿವಿನಿಂದ.

ನಿಮ್ಮಂಥವರ ಪತ್ರಗಳು ನನಗೆ ಬರುತ್ತಿರುತ್ತವೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ವಿದೇಶಿ ಖರೀದಿದಾರರಿಗೆ ಇಮೇಲ್ ಬರೆಯಲು ಕೈ ನಡುಗುವ ಹುಡುಗ, ಪ್ಲಸ್ ಟೂ ಇಂಗ್ಲಿಷ್‌ನಲ್ಲಿ 35 ದಾಟಿದರೆ ಸಾಕೆಂದು ದೇವರಿಗೆ ಹರಕೆ ಹೊತ್ತ ಹುಡುಗಿ. ಪರೀಕ್ಷೆಗಳು ಬೇರೆ ಬೇರೆ, ಒಳಗಿನ ಭಯ ಹೆಚ್ಚುಕಡಿಮೆ ಒಂದೇ. ಅವರೂ ಇದನ್ನು ಓದಲಿ.

ಕನ್ನಡ ಓದಲು ಬಾರದ್ದಕ್ಕೆ ನಾಚಿಕೆಪಡಬೇಡಿ. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ 1968ರಿಂದ ಎರಡು ಭಾಷೆಗಳ ನೀತಿ ಇದೆ, ತಮಿಳು ಮತ್ತು ಇಂಗ್ಲಿಷ್. ತಾಳವಾಡಿ, ಹೊಸೂರು ಕಡೆಯ ಗಡಿಯ ಮಕ್ಕಳಿಗೆ ಕನ್ನಡ ಶಾಲೆಗಳಾದರೂ ಇವೆ. ನಿಮಗೆ ಆ ಅವಕಾಶ ಸಿಗಲಿಲ್ಲ. ಕೊಯಮತ್ತೂರು ಸೀಮೆಯ ದೇವಾಂಗರು, ಒಕ್ಕಲಿಗರು ತಲೆಮಾರುಗಳಿಂದ ಪುಸ್ತಕದ ಆಸರೆಯಿಲ್ಲದೆ ಬಾಯಲ್ಲೇ ಕನ್ನಡ ಉಳಿಸಿಕೊಂಡು ಬಂದವರು. ಅಕ್ಷರ ಗೊತ್ತಿಲ್ಲದ ಮಾತ್ರಕ್ಕೆ ಭಾಷೆ ಬರುವುದಿಲ್ಲ ಎಂದಾದರೆ ನಮ್ಮ ಅಜ್ಜಿಯರಲ್ಲಿ ಅರ್ಧ ಜನಕ್ಕೆ ಮಾತೇ ಬರುತ್ತಿರಲಿಲ್ಲ ಎನ್ನಬೇಕಾದೀತು! ನಿಮ್ಮ ವಾರ್ಡಿನ ಒಂದು ದಿನವನ್ನು ನೆನೆಸಿಕೊಳ್ಳಿ. ಪಾಲಕ್ಕಾಡಿನ ರೋಗಿಯ ಜೊತೆ ಅರ್ಧ ಮಲಯಾಳ, ಪೊಳ್ಳಾಚಿಯವರ ಜೊತೆ ತಮಿಳು, ಚಾಮರಾಜನಗರದಿಂದ ಬಂದವರ ಜೊತೆ ಕನ್ನಡ, ಡಾಕ್ಟರ ಎದುರು ಇಂಗ್ಲಿಷ್, ಕೇಸ್ ಶೀಟಿನಲ್ಲಿ ಇಂಗ್ಲಿಷ್ ಬರವಣಿಗೆ. ಒಂದು ಕಡೆ ಸಿಕ್ಕಿಹಾಕಿಕೊಂಡರೆ ಇನ್ನೊಂದರಿಂದ ದಾರಿ ಮಾಡಿಕೊಳ್ಳುತ್ತೀರಿ. ನಾಲ್ಕು ವರ್ಷದ ಪದವಿಯನ್ನು ಇಂಗ್ಲಿಷ್‌ನಲ್ಲೇ ಓದಿ ಬರೆದು ಪಾಸಾಗಿದ್ದೀರಿ. ಇಷ್ಟೆಲ್ಲ ಇದ್ದೂ ಬರವಣಿಗೆ 6ರಲ್ಲೇ ನಿಂತದ್ದೇಕೆ? ನನಗೆ ಕಂಡ ಉತ್ತರಕ್ಕೆ ವ್ಯಾಕರಣದ ಜೊತೆ ಹೆಚ್ಚು ಸಂಬಂಧವಿಲ್ಲ.

ಪತ್ರದ ಜೊತೆ ನೀವು ಅಭ್ಯಾಸಕ್ಕೆ ಬರೆದ ಒಂದು ಪ್ರಬಂಧ ಇಟ್ಟಿದ್ದೀರಿ. ವಯಸ್ಸಾದವರನ್ನು ಮನೆಯವರೇ ನೋಡಿಕೊಳ್ಳಬೇಕು ಎಂಬ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಎಂಬುದು ಅದರ ಪ್ರಶ್ನೆ. ಎರಡು ಸಲ ಓದಿದೆ. ತಪ್ಪುಗಳು ಬೆರಳೆಣಿಕೆಯಷ್ಟು. ಆದರೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಶುರುವಾಗುವ ಮೊದಲ ಪ್ಯಾರಾವನ್ನು ಯಾವ ವಿಷಯದ ತಲೆಯ ಮೇಲಾದರೂ ಕೂರಿಸಬಹುದು, ಮೊಬೈಲ್ ಆಗಲಿ, ಪ್ಲಾಸ್ಟಿಕ್ ಆಗಲಿ. ಆಮೇಲೆ ಒಂದು ಪ್ಯಾರಾ ಅನುಕೂಲ, ಒಂದು ಪ್ಯಾರಾ ಅನಾನುಕೂಲ. ಕೊನೆಗೆ ‘ಎರಡೂ ಕಡೆ ಒಳಿತು ಕೆಡುಕುಗಳಿವೆ’. ನೀವು ಒಪ್ಪುತ್ತೀರೋ ಇಲ್ಲವೋ ಎಂಬುದು ಮಾತ್ರ ಕೊನೆಯವರೆಗೂ ಗೊತ್ತಾಗಲಿಲ್ಲ. ಹಾಸಿಗೆ ಹಿಡಿದ ಮುದುಕರ ಬೆನ್ನು ಒರೆಸುವ, ಅವರ ಮಕ್ಕಳು ಕಾರಿಡಾರಿನಲ್ಲಿ ದುಡ್ಡಿಗೆ ಜಗಳವಾಡುವುದನ್ನು ದಿನಾ ನೋಡುವ ಹುಡುಗಿ ಬರೆದದ್ದು ಇದು ಎಂದು ಯಾರೂ ಹೇಳಲಾರರು.

ನಿಮ್ಮನ್ನು ದೂರುತ್ತಿಲ್ಲ. ಎರಡು ಮಾರ್ಕಿನ ಉತ್ತರ, ಐದು ಮಾರ್ಕಿನ ಉತ್ತರ, ಗೈಡ್ ನೋಡಿ ಬಾಯಿಪಾಠ. ನಮ್ಮ ಶಾಲೆಗಳಲ್ಲಿ ನಾವೆಲ್ಲ ಕಲಿತದ್ದು ಇಷ್ಟೇ. ‘ಇದರ ಬಗ್ಗೆ ನಿನಗೇನು ಅನಿಸುತ್ತದೆ’ ಎಂದು ನಮ್ಮನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕೇಳಿದವರು ಎಷ್ಟು ಮಂದಿ? ಮನೆಯಲ್ಲಿ ಕೇಳದೆ ಅಭಿಪ್ರಾಯ ಹೇಳಿದರೆ ಎದುರು ಮಾತು. ಹೀಗೆ ಬೆಳೆದವರ ಮುಂದೆ 23ನೇ ವಯಸ್ಸಿನಲ್ಲಿ ಒಂದು ಕಾಗದ ಬಂದು, ನಿನ್ನ ನಿಲುವು ಹೇಳು, ಕಾರಣ ಕೊಡು, ನಿನ್ನ ಅನುಭವದಿಂದ ಉದಾಹರಣೆ ಕೊಡು ಎನ್ನುತ್ತದೆ. ಕೈ ಕಟ್ಟಿಹೋಗುತ್ತದೆ. ಆಗ ಕೋಚಿಂಗ್ ಸೆಂಟರಿನವರು ಕೊಟ್ಟ ಸಿದ್ಧ ವಾಕ್ಯಗಳೇ ಆಸರೆ. ಗಾಂಧಿಪುರದಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಇಂಥ ಬೋರ್ಡುಗಳು ಕಾಣುತ್ತವೆ. ಎಲ್ಲರೂ ಕೆಟ್ಟವರೆಂದಲ್ಲ. ಆದರೆ ಬಾಯಿಪಾಠದ ಪ್ರಬಂಧವನ್ನು ಮೌಲ್ಯಮಾಪಕರು ಗುರುತಿಸುತ್ತಾರೆ, ಅದಕ್ಕೆ ಅಂಕ ಕಡಿಮೆಯಾಗುತ್ತದೆ. ಬರವಣಿಗೆಯಲ್ಲಿ ಅವರು ನೋಡುವುದು ನಾಲ್ಕು ಅಂಶ: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ವಿಚಾರಗಳು ಒಂದಕ್ಕೊಂದು ಹೊಂದಿಕೊಂಡು ಸಾಗುತ್ತವೆಯೇ, ಪದಗಳು, ವ್ಯಾಕರಣ. ನೀವು ಕೊನೆಯ ಎರಡಕ್ಕೆ ಜೀವ ತೇಯುತ್ತಿದ್ದೀರಿ. ಕೊರತೆ ಇರುವುದು ಮೊದಲನೆಯದರಲ್ಲಿ.

ಆದ್ದರಿಂದ ಎರಡು ವಾರ ಪ್ರಬಂಧ ಬರೆಯುವುದನ್ನು ನಿಲ್ಲಿಸಿ. ವಿಚಿತ್ರ ಅನಿಸಬಹುದು, ಆದರೂ ನಿಲ್ಲಿಸಿ. ಆ ಮಾದರಿ ಪ್ರಬಂಧಗಳ ಪುಸ್ತಕವನ್ನು ಕಪಾಟಿನ ಮೇಲೆ ಇಡಿ. ದಿನಕ್ಕೊಂದು ಪ್ರಶ್ನೆ ತೆಗೆದುಕೊಂಡು ಅಮ್ಮನ ಹತ್ತಿರ ಕುಳಿತು ಮನೆಯ ಕನ್ನಡದಲ್ಲೇ ನಿಮ್ಮ ಅಭಿಪ್ರಾಯ ಹೇಳಿ. ‘ಮುದುಕರನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು ಅಂತಾರೆ, ನಾನು ಒಪ್ಪಲ್ಲ, ಯಾಕೆ ಅಂದರೆ...’ ಎಂದು. ಅಮ್ಮ ಖಂಡಿತ ಜಗಳಕ್ಕೆ ಬರುತ್ತಾರೆ. ಬರಲಿ. ಅವರ ಮಾತಿಗೆ ಉತ್ತರ ಕೊಡಿ, ವಾರ್ಡಿನಲ್ಲಿ ಕಂಡ ಒಂದು ಸಂಗತಿ ಹೇಳಿ. ಐದು ನಿಮಿಷ ಸಾಕು. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಐದಾರು ವಾಕ್ಯ ಮಾಡಿ ಬರೆಯಿರಿ, ಕೇಸ್ ಶೀಟಿಗೆ ಬರೆಯುವ ಹಾಗೆ, ಚಿಕ್ಕದಾಗಿ, ಖಚಿತವಾಗಿ. ದೊಡ್ಡ ಪದ ಹುಡುಕಬೇಡಿ. ರೋಗಿಗೆ ಎಷ್ಟು ಗಂಟೆಗೆ ಏನು ಕೊಟ್ಟಿರಿ ಎಂದು ಬರೆಯುವಾಗ ನೀವು ಅಲಂಕಾರ ಮಾಡುವುದಿಲ್ಲ, ತಪ್ಪೂ ಮಾಡುವುದಿಲ್ಲ. ಆ ಕೈ ನಿಮಗೆ ಈಗಾಗಲೇ ಪಳಗಿದೆ. (ನೇಕಾರರ ಮಗಳಿಗೆ ಹಾಸು ಹೊಕ್ಕಿನ ಉಪಮೆ ಕೊಡುತ್ತೇನೆಂದು ಕಾದಿದ್ದರೆ ಕ್ಷಮಿಸಿ. ಅದನ್ನು ನೀವು ಸಾಕಷ್ಟು ಕೇಳಿರುತ್ತೀರಿ.)

ಎರಡು ವಾರವಾದ ಮೇಲೆ ಗಡಿಯಾರ ಇಟ್ಟು ಬರೆಯಲು ಶುರುಮಾಡಿ. ಒಂದು ಗಂಟೆಯಲ್ಲಿ ಎರಡು ಭಾಗ, ಮೊದಲನೆಯದು ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ತೂಕ. ಮೊದಲನೆಯದರ ನಕ್ಷೆ ನೋಡುತ್ತಾ ಅರ್ಧ ಗಂಟೆ ಕಳೆದೆ ಎಂದು ಬರೆದಿದ್ದೀರಿ. ಇದು ನಿಮ್ಮ ಅರ್ಧ ಅಂಕ ಹೋದ ಇನ್ನೊಂದು ಜಾಗ. ಯಾವುದನ್ನು ಮೊದಲು ಬರೆಯಬೇಕೆಂಬ ಕಟ್ಟುಪಾಡಿಲ್ಲ. ದೊಡ್ಡದನ್ನು ಮೊದಲು ತೆಗೆದುಕೊಂಡು 40 ನಿಮಿಷ ಕೊಟ್ಟು ನೋಡಿ. ಬರೆದದ್ದನ್ನು ನೀವೇ ತಿದ್ದಿಕೊಂಡರೆ ಪ್ರಯೋಜನ ಕಡಿಮೆ. ನರ್ಸಿಂಗ್ ಮೊದಲ ವರ್ಷದಲ್ಲಿ ನಿಮಗೆ ಇಂಗ್ಲಿಷ್ ಪಾಠ ಮಾಡಿದ ಮೇಡಂ ಇರುತ್ತಾರಲ್ಲ, ಅವರನ್ನು ಹೋಗಿ ಕಾಣಿ. ‘ಇದರಲ್ಲಿ ನನ್ನ ನಿಲುವು ನಿಮಗೆ ಗೊತ್ತಾಗುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿ. ಹಳೆಯ ವಿದ್ಯಾರ್ಥಿನಿ ಹಾಗೆ ಬಂದು ಕೇಳಿದರೆ ಇಲ್ಲವೆನ್ನುವ ಮೇಷ್ಟ್ರು ಕಡಿಮೆ. ರಜೆಯ ದಿನ ಆರ್.ಎಸ್. ಪುರದ ಕೌಲಿ ಬ್ರೌನ್ ರಸ್ತೆಯಲ್ಲಿರುವ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಇಂಗ್ಲಿಷ್ ಪತ್ರಿಕೆಗಳ ಓದುಗರ ಪತ್ರಗಳನ್ನು ಓದಿ. ಸಂಪಾದಕೀಯ ಬೇಡ, ಅದು ಭಾರ. ಸಾಮಾನ್ಯ ಜನ ಮೊದಲ ಸಾಲಿನಲ್ಲೇ ತಮ್ಮ ಮಾತು ಹೇಳಿ ಮುಗಿಸುವುದು ಹೇಗೆ ಎಂಬುದು ಅಲ್ಲಿ ಸಿಗುತ್ತದೆ.

ಮಾತಿನ ಪರೀಕ್ಷೆಯಲ್ಲಿ ಓದಿದ ಪುಸ್ತಕದ ಬಗ್ಗೆ ಕೇಳಿದಾಗ, ‘ಯಾವ ಪುಸ್ತಕವನ್ನೂ ಓದಿಲ್ಲವಲ್ಲ’ ಎಂದು ಗಾಬರಿಯಾಗಿ ನಿಂತುಬಿಟ್ಟೆ ಎಂದಿದ್ದೀರಿ. ಅಲ್ಲಿ ನಡೆಯುವುದು ನಿಮ್ಮ ಜ್ಞಾನದ ಪರೀಕ್ಷೆಯಲ್ಲ. 11ರಿಂದ 14 ನಿಮಿಷದ ಆ ಮಾತುಕತೆಯಲ್ಲಿ ಅವರು ಗಮನಿಸುವುದು ನೀವು ಹೇಗೆ ಮಾತಾಡುತ್ತೀರಿ ಎಂಬುದನ್ನು. ‘ನಾನು ಹೆಚ್ಚು ಪುಸ್ತಕ ಓದಿದವಳಲ್ಲ, ಆದರೆ ಅಜ್ಜಿ ಹೇಳುತ್ತಿದ್ದ ಒಂದು ಕಥೆ ನೆನಪಿದೆ’ ಎಂದು ಆ ಕಥೆಯ ಬಗ್ಗೆ ಎರಡು ನಿಮಿಷ ಮಾತಾಡಿದ್ದರೂ ನಡೆಯುತ್ತಿತ್ತು. ಕೊಯಮತ್ತೂರಿನ ಉಚ್ಚಾರಣೆಗೆ ಅಂಕ ಕಳೆಯುವುದಿಲ್ಲ, ಮಾತು ಸ್ಪಷ್ಟವಾಗಿ ತಿಳಿದರೆ ಸಾಕು. ಇಂಗ್ಲಿಷರಂತೆ ಬಾಯಿ ತಿರುಗಿಸುವ ಪ್ರಯತ್ನವನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ಸಂಗತಿ ಇದೆ. ಬ್ರಿಟನ್ನಿನಲ್ಲಿ ಈಗ ಕೆಲವು ಷರತ್ತುಗಳ ಮೇಲೆ 12 ತಿಂಗಳೊಳಗಿನ ಎರಡು ಪರೀಕ್ಷೆಗಳ ಅಂಕಗಳನ್ನು ಕೂಡಿಸಿ ತೋರಿಸಬಹುದು. ಮೊದಲ ಸಲ ಕೇಳುವುದು, ಓದುವುದು, ಮಾತು ಮೂರರಲ್ಲೂ ನಿಮಗೆ 7 ಬಂದಿದೆ. ಆ ಪರೀಕ್ಷೆಯಿಂದ 12 ತಿಂಗಳೊಳಗೆ ಇನ್ನೊಮ್ಮೆ ಬರೆದು ಬರವಣಿಗೆಯಲ್ಲಿ 6.5 ತೆಗೆದರೆ, ಉಳಿದವುಗಳಲ್ಲಿ ತೀರ ಕೆಳಗಿಳಿಯದಿದ್ದರೆ, ದಾರಿ ತೆರೆಯಬಹುದು. ಯಾವ ವಿಭಾಗದಲ್ಲಿ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬ ನಿಯಮವನ್ನು ಏಜೆಂಟರ ಬಾಯಿಂದ ಕೇಳಬೇಡಿ. ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ಜಾಲತಾಣದಲ್ಲೇ ಓದಿ, ಆ ಪುಟವನ್ನು ಮುದ್ರಿಸಿ ಮನೆಯಲ್ಲಿಡಿ. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಓಇಟಿ ಪರೀಕ್ಷೆಯೂ ಅವರಿಗೆ ಸಮ್ಮತ. ಅದರಲ್ಲಿ ಅಭಿಪ್ರಾಯದ ಪ್ರಬಂಧವಿಲ್ಲ, ರೋಗಿಯ ವಿವರಗಳನ್ನು ಇಟ್ಟುಕೊಂಡು 45 ನಿಮಿಷದಲ್ಲಿ ಒಂದು ಪತ್ರ ಬರೆಯಬೇಕು. ನಿಮ್ಮ ಸ್ವಭಾವಕ್ಕೆ ಅದು ಒಗ್ಗಬಹುದು. ಶುಲ್ಕ ಮಾತ್ರ ಐಇಎಲ್‌ಟಿಎಸ್‌ಗಿಂತ ಹೆಚ್ಚು.

ಹಣದ ಮಾತು ಬಂತಲ್ಲ. ಒಂದು ಸಲ ಐಇಎಲ್‌ಟಿಎಸ್‌ಗೆ ಕೂತರೆ 17,000 ರೂಪಾಯಿಗೂ ಮೇಲೆ ಹೋಗುತ್ತದೆ. ಮಗ್ಗದ ಮನೆಗೆ ಅದು ಸಣ್ಣ ಮೊತ್ತವಲ್ಲ. ನಿಮ್ಮ ನಿದ್ದೆ ಕೆಡಿಸಿರುವುದು ಇಂಗ್ಲಿಷ್‌ಗಿಂತ ಅಮ್ಮನ ಸರ ಎಂದು ನನಗೆ ಅನಿಸುತ್ತದೆ. ಪರೀಕ್ಷೆಯ ಕೋಣೆಯೊಳಗೆ ಅದನ್ನೂ ಹೊತ್ತುಕೊಂಡು ಹೋಗುತ್ತಿದ್ದೀರಿ. ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಬಿಚ್ಚಿ ಮಾತಾಡಿ: ಇದುವರೆಗೆ ಎಷ್ಟು ಖರ್ಚಾಯಿತು, ಸಾಲ ಎಷ್ಟು, ಇನ್ನು ಎಷ್ಟು ಸಲ ಪ್ರಯತ್ನಿಸಬಹುದು, ಆಮೇಲೆ ನಿಲ್ಲಿಸುವುದು ಯಾವಾಗ. ತಮ್ಮನನ್ನೂ ಕೂರಿಸಿಕೊಳ್ಳಿ. ಅವನ ಕಾಲೇಜಿನ ಮಾತನ್ನು ಅವನಿಲ್ಲದೆ ಆಡುವುದು ಬೇಡ. ಹೇಳದೆ ಒಳಗೇ ಇಟ್ಟುಕೊಂಡ ಲೆಕ್ಕ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೆಂಟರ ವಿಷಯಕ್ಕೆ ಬಂದರೆ, ಅವರಿಗೆ ವಿವರಣೆ ಕೊಡುವ ಋಣ ನಿಮಗಿಲ್ಲ. ರಾಜವೀದಿಯ ಚೌಡೇಶ್ವರಿ ಗುಡಿಯಲ್ಲೋ ಮದುವೆ ಮನೆಯಲ್ಲೋ ಕೇಳಿದರೆ ‘ನಡೀತಿದೆ ಅತ್ತೆ’ ಎಂದು ಊಟಕ್ಕೆ ಹೋಗಿ.

ಈಗ ಸ್ವಲ್ಪ ಕಷ್ಟದ ಮಾತು. ಚಿಕ್ಕಮ್ಮ, ಇದನ್ನು ನಿಧಾನವಾಗಿ ಓದಿ. ನಿಮ್ಮ ಪತ್ರದಲ್ಲಿ ಅಪ್ಪನ ಆಸೆ ಇದೆ, ಅಮ್ಮನ ಸರ ಇದೆ, ತಮ್ಮನ ಓದು ಇದೆ. ಬ್ರಿಟನ್ನಿಗೆ ಹೋಗಲು ನಿಮಗೆ ಇಷ್ಟವಿದೆಯೇ ಎಂಬುದು ಎಲ್ಲೂ ಇಲ್ಲ. ಪ್ರಬಂಧದಲ್ಲಿ ಕಾಣದ ನಿಲುವು ಪತ್ರದಲ್ಲೂ ಕಾಣಲಿಲ್ಲ. ಇಷ್ಟವಿದ್ದರೆ ಚೆನ್ನ. ಮನೆಯ ಕಷ್ಟ ತೀರಲಿ ಎಂದು ಹೋಗುವುದೂ ತಪ್ಪಲ್ಲ, ಎಷ್ಟೋ ನರ್ಸುಗಳು ಹಾಗೇ ಹೋಗಿ ಅಲ್ಲಿ ಸುಖವಾಗಿದ್ದಾರೆ. ಆದರೆ ಆ ನಿರ್ಧಾರ ನಿಮ್ಮದೂ ಆಗಿರಬೇಕು. ಇಲ್ಲವಾದರೆ ಅರ್ಧ ಮನಸ್ಸು ಪಾಸಾಗಲಿ ಎನ್ನುತ್ತದೆ, ಇನ್ನರ್ಧ ಬೇಡವೆನ್ನುತ್ತದೆ, ಆ ಜಗ್ಗಾಟದಲ್ಲಿ ಓದು ಕೈಗೆ ಹತ್ತುವುದಿಲ್ಲ. ಅಪ್ಪ ಅಮ್ಮ ನಿಮ್ಮ ಮೇಲೆ ಹೇರುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನೀವು ಹೇಳಿಲ್ಲವಾದ್ದರಿಂದ ಅವರಿಗೆ ಗೊತ್ತಿಲ್ಲದಿರಬಹುದು. ಲೆಕ್ಕ ಮಾತಾಡುವ ದಿನವೇ ಇದನ್ನೂ ಹೇಳಿ. ‘ಹೋಗ್ತೀನಿ, ಆದರೆ ಒಂದು ವರ್ಷ ಬಿಟ್ಟು’ ಎಂಬುದೂ ಉತ್ತರವೇ. ‘ಇಲ್ಲೇ ಇರ್ತೀನಿ’ ಎಂಬುದೂ ಉತ್ತರವೇ. ಕೊಯಮತ್ತೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ.

ನಿದ್ದೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೈಟ್ ಡ್ಯೂಟಿಯಿಂದಲೋ ಚಿಂತೆಯಿಂದಲೋ ಎರಡು ವಾರಕ್ಕೂ ಮೇಲೆ ನಿದ್ದೆ ಊಟ ಸರಿಯಿಲ್ಲದಿದ್ದರೆ, ಯಾವಾಗಲಾದರೂ ‘ಬದುಕಿ ಏನು ಪ್ರಯೋಜನ’ ಎಂಬ ಯೋಚನೆ ಸುಳಿದರೆ, ಅದೇ ದಿನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ತಮಿಳಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ. ತಮಿಳುನಾಡಿನಲ್ಲಿ 104 ಕೂಡ ಇದೆ. ರೋಗಿಗೆ ಜ್ವರ ಬಂದರೆ ಡಾಕ್ಟರಿಗೆ ಹೇಳಲು ನೀವು ನಾಳೆಯವರೆಗೆ ಕಾಯುವುದಿಲ್ಲ. ನಿಮ್ಮ ವಿಷಯದಲ್ಲೂ ಕಾಯಬೇಡಿ.

ಏಜೆಂಟರ ಬಗ್ಗೆ ಒಂದೆರಡು ಮಾತು. ‘ಪರೀಕ್ಷೆಯಿಲ್ಲದೆ ಸ್ಕೋರ್ ಕಾರ್ಡ್ ಮಾಡಿಸಿಕೊಡುತ್ತೇನೆ’ ಎಂದು ಒಬ್ಬರು ಹೇಳಿದ್ದನ್ನು ಬರೆದಿದ್ದೀರಿ. ಅವರ ನಂಬರನ್ನು ಅಳಿಸಿಹಾಕಿ. ಅಂಕಪಟ್ಟಿಯನ್ನು ಕೌನ್ಸಿಲ್‌ನವರು ನೇರವಾಗಿ ಪರಿಶೀಲಿಸುತ್ತಾರೆ. ಸಿಕ್ಕಿಬಿದ್ದರೆ ಹೋಗುವುದು ದುಡ್ಡು ಮಾತ್ರವಲ್ಲ, ನರ್ಸ್ ಎಂಬ ಹೆಸರೂ ಹೋಗುತ್ತದೆ. ವಿದೇಶದ ಕೆಲಸಕ್ಕೆ ಕಳಿಸುವವರು ಕೇಂದ್ರ ಸರ್ಕಾರದಲ್ಲಿ ನೋಂದಾಯಿತರಾಗಿರಬೇಕು, ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರಿದೆಯೇ ಎಂದು ನೋಡಬಹುದು. ನೇಮಕಾತಿಗೆ ಅವರು ಕೇಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಬ್ರಿಟನ್ನಿನ ಆರೋಗ್ಯ ಕ್ಷೇತ್ರದ ನೇಮಕಾತಿ ನಿಯಮಾವಳಿಯ ಪ್ರಕಾರವಂತೂ ನರ್ಸುಗಳಿಂದ ನೇಮಕಾತಿ ಶುಲ್ಕ ಕೇಳುವಂತೆಯೇ ಇಲ್ಲ. ತಮಿಳುನಾಡು ಸರ್ಕಾರದ್ದೇ ಒಂದು ಸಂಸ್ಥೆ ಚೆನ್ನೈನಲ್ಲಿದೆ, ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್. ನರ್ಸುಗಳನ್ನು ಅವರೂ ಕಳಿಸುತ್ತಾರೆ. ಮೊದಲು ಅಲ್ಲಿ ವಿಚಾರಿಸಿ.

ಕೊನೆಗೆ ನೀವು ಕೇಳಿದ ಸಣ್ಣ ಪ್ರಶ್ನೆ. ಅರ್ಜಿಯಲ್ಲಿ ಮೊದಲ ಭಾಷೆ ಯಾವುದು ಎಂಬ ಕಾಲಂ ಇದೆ, ಎರಡು ಸಲವೂ ತಮಿಳು ಎಂದು ಬರೆದೆ, ಅದು ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ಕನ್ನಡ ಎಂದು ಬರೆಯಬೇಕು ಅನಿಸಿದರೆ ಹಾಗೇ ಬರೆಯಿರಿ. ಅದಕ್ಕೂ ಅಂಕಕ್ಕೂ ಸಂಬಂಧವಿಲ್ಲ. ಆದರೆ ಅದರ ಮೇಲಿರುವ ಹೆಸರಿನ ಕಾಲಂ ಬಗ್ಗೆ ಎಚ್ಚರವಿರಲಿ. ನಿಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿನ ಇನಿಶಿಯಲ್ ಮಾತ್ರ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಬಂದಿರುತ್ತದೆ. ಪರೀಕ್ಷೆಯ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಒಂದಕ್ಷರ ಬಿಡದೆ ತುಂಬಿ. ನರ್ಸಿಂಗ್ ಪ್ರಮಾಣಪತ್ರದ ಹೆಸರು ಅದಕ್ಕೆ ಹೊಂದದಿದ್ದರೆ ಸರಿಪಡಿಸುವ ಕೆಲಸವನ್ನು ಈಗಲೇ ಶುರುಮಾಡಿ, ಅದಕ್ಕೆ ಸಮಯ ಹಿಡಿಯುತ್ತದೆ.